ಇಪ್ಪತ್ತಮೂರನೇ ಪುಟದಲ್ಲಿ ಬಿಟ್ಟ ಸಾಲು

ಜನವರಿ 9

ಪ್ರೀತಿಯ ತಮ್ಮನಿಗೆ,

ನಿನ್ನ ಕಟ್ಟು ಮೊನ್ನೆ ಕೈಸೇರಿತು. ನಲವತ್ತೆಂಟು ಪುಟ, ಉದ್ದಕ್ಕೂ ಅಡ್ಡಕ್ಕೂ ದಾರ, ಅದರ ಮೇಲೆ ಮೂರು ಸುತ್ತು ಅಂಟುಪಟ್ಟಿ. ಲಿಫ್ಟ್ ಮೆಕ್ಯಾನಿಕ್ ಕಟ್ಟಿದ್ದನ್ನು ಬಿಚ್ಚಲು ಇನ್ನೊಬ್ಬ ಲಿಫ್ಟ್ ಮೆಕ್ಯಾನಿಕ್ಕೇ ಬೇಕು. ಕೊನೆಗೆ ನಮ್ಮ ಪ್ರೆಸ್ಸಿನ ಬೈಂಡರ್ ಬಂದು ಕತ್ತರಿಸಿಕೊಟ್ಟ.

ನಿಮ್ಮ ಹೊಸ ಕೂಟದ ಉಪದೇಶಕರು ಮಾಡಿದ ಪ್ರಸಂಗಗಳನ್ನು ನೀನೇ ಕೂತು ಟೈಪ್ ಮಾಡಿದ್ದು ಅಂತ ಬರೆದಿದ್ದೀ. ನೀನು ಹೇಳದಿದ್ದರೂ ತಿಳಿಯುತ್ತಿತ್ತು. 'ಭಯ'ದ ಹೊಟ್ಟೆ ಸೀಳಿಲ್ಲ, 'ಬಲ'ದ ಹೊಟ್ಟೆ ಸೀಳಿಟ್ಟಿದ್ದೀ. ಮೂರನೇ ಕ್ಲಾಸಿನಿಂದ ಇದೇ ಕಥೆ. ಆಗ ಅಪ್ಪ ಕಿವಿ ಹಿಂಡುತ್ತಿದ್ದರು, ಈಗ ನಾನು ಕೆಂಪು ಪೆನ್ನು ಹಿಡಿಯುತ್ತೇನೆ.

ಕೆಲಸ ಒಪ್ಪಿಕೊಂಡಿದ್ದೇನೆ. ಕರಡು ತಿದ್ದುವವಳಿಗೆ ಪುಸ್ತಕದ ಒಳಗಿನ ಮಾತು ಹಿಡಿಸಲೇಬೇಕೆಂದಿಲ್ಲ. ಹೋದ ತಿಂಗಳು ಜೇನು ಸಾಕುವ ಪುಸ್ತಕ ತಿದ್ದಿದೆ, ಜೇನುನೊಣ ಕಂಡರೆ ಈಗಲೂ ಓಡುತ್ತೇನೆ. ಆದರೆ ಅಕ್ಕನಾಗಿ ಒಂದು ಮಾತು ಕೇಳಲೇಬೇಕು. ನೀನು ಏಳು ತಿಂಗಳಿಂದ ಸಭೆಗೆ ಕಾಲಿಟ್ಟಿಲ್ಲವೆಂದು ಪಾಸ್ಟರ್ ಬರೆದಿದ್ದಾರೆ. ಅಪ್ಪ ಹಿರಿಯರಾಗಿದ್ದ ಸಭೆ, ನಾವಿಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡ ಸಭೆ. ಹೊಸ ಕೂಟದಲ್ಲಿ ಮೆತ್ತನೆಯ ಕುರ್ಚಿಗಳಿವೆ, ಗಿಟಾರ್ ಬಾರಿಸುವವನು ಚೆನ್ನಾಗಿದ್ದಾನೆ ಅಂತ ನಿನ್ನ ಹೆಂಡತಿ ಹೇಳಿದಳು. ಬೆನ್ನಿಗೂ ಕಿವಿಗೂ ಹಿತವಾದದ್ದನ್ನು ನಾನು ಬೇಡ ಅನ್ನುವುದಿಲ್ಲ. ಬರೀ ಅಷ್ಟಕ್ಕೇ ಹೋದೆಯಾ ಅಂತ ಕೇಳುತ್ತಿದ್ದೇನೆ.

ಇದಕ್ಕೆ ಫೋನ್ ಮಾಡಬೇಡ. ಫೋನಿನಲ್ಲಿ ನೀನು 'ಹೂಂ', 'ನೋಡೋಣ' ಎರಡೇ ಮಾತಾಡುತ್ತೀ. ಕಾಗದವಾದರೆ ಒಂದು ಪುಟವಾದರೂ ತುಂಬಿಸಬೇಕಾಗುತ್ತದೆ.

ನಿನ್ನ ಅಕ್ಕ

*

ಜನವರಿ 21

ಅಕ್ಕನಿಗೆ ವಂದನೆಗಳು.

ಪುಟ ತುಂಬಿಸುತ್ತೇನೆ, ಹೊಟ್ಟೆ ಸೀಳುವುದನ್ನು ನೀನೇ ನೋಡಿಕೋ.

ನಮ್ಮ ಕೂಟ ಸೇರುವುದು ಒಂದು ಸೋಫಾ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆತ್ತನೆಯ ಕುರ್ಚಿಗಳು ಅಲ್ಲಿಂದಲೇ ಬಂದವು, ಕಾಲು ಅಲುಗಾಡುವ, ಮಾರಾಟವಾಗದ ಮಾಲು. ನನ್ನದಕ್ಕೆ ನಾನೇ ಸ್ಕ್ರೂ ಬಿಗಿದಿದ್ದೇನೆ. ಗಿಟಾರಿನವನು ನಿನ್ನ ಕಿವಿಗೆ ಹಿಡಿಸಲಾರ.

ಉಪದೇಶಕರನ್ನು ನೀನು ಒಮ್ಮೆ ನೋಡಬೇಕು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಕೂಗುವುದಿಲ್ಲ, ಮೇಜು ಗುದ್ದುವುದಿಲ್ಲ, ನಿಮಗೆ ಕಾರು ಬರುತ್ತೆ ಬಂಗಲೆ ಬರುತ್ತೆ ಅಂತ ಆಸೆ ತೋರಿಸುವುದಿಲ್ಲ. ಕುಡಿತದಲ್ಲಿ ಹಾಳಾಗಿದ್ದ ಇಬ್ಬರು ಅವರ ಮಾತು ಕೇಳಿ ಸರಿಹೋದದ್ದನ್ನು ನಾನೇ ನೋಡಿದ್ದೇನೆ. ಮೊದಲ ಸಲ ಹೋದಾಗ ಅವರು ಹೇಳಿದ ಮಾತು ಬರೆದಿಟ್ಟುಕೊಂಡಿದ್ದೇನೆ: "ಕ್ಷಮೆ ಸಿಕ್ಕಾಯ್ತು. ಯೇಸು ಶಿಲುಬೆ ಮೇಲೆ ಮುಗೀತು ಅಂದಮೇಲೆ ಮುಗೀತು. ಹಳೇ ಗುಂಡಿ ತೋಡಿ ನಾಲ್ಕು ಜನರ ಮುಂದೆ ತೋರಿಸ್ತಾ ಕೂರೋದು ನಮ್ರತೆ ಅಲ್ಲ, ಶಿಲುಬೆ ಸಾಲದು ಅಂದ ಹಾಗೆ." ಅವತ್ತು ನಾನು ಅತ್ತುಬಿಟ್ಟೆ, ಅಕ್ಕ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆ ದಿನದಿಂದ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ನಮ್ಮ ಹಳೆಯ ಸಭೆಯಲ್ಲಿ ಪ್ರತಿ ವಾರ ನಮ್ಮನ್ನು ನಾವೇ ಪರೀಕ್ಷೆ ಮಾಡಿಕೊಳ್ಳಬೇಕು, ಆಮೇಲೆ ಪ್ರಭುಭೋಜನದ ರೊಟ್ಟಿ ಮುಟ್ಟಬೇಕು. ಪರೀಕ್ಷೆಯೇ ಮುಗಿಯದವನು ರೊಟ್ಟಿ ಮುಟ್ಟುವುದು ಯಾವಾಗ?

ಕೆಲಸದ ಕಡೆ ಒಂದು ವಿಷಯ ನಿನಗೆ ಬರೆದಿರಲಿಲ್ಲ. ಜೂನ್‌ನಲ್ಲಿ ಒಂದು ಅಪಘಾತವಾಯಿತು. ನಾವು ತಿಂಗಳು ತಿಂಗಳು ತಪಾಸಣೆ ಮಾಡುವ ಆರು ಮಹಡಿಯ ಆಫೀಸು ಕಟ್ಟಡ. ಲಿಫ್ಟ್ ಬಂದು ನಿಂತಿರದಿದ್ದರೆ ಹೊರಗಿನ ಬಾಗಿಲು ತೆರೆಯಬಾರದು, ಅದಕ್ಕೊಂದು ಬೀಗವಿರುತ್ತದೆ. ಐದನೇ ಮಹಡಿಯ ಬೀಗ ಸವೆದಿತ್ತು. ಅಲ್ಲಿನ ಟೈಪಿಸ್ಟ್ ಒಬ್ಬರು ಕಡತ ನೋಡುತ್ತಾ ಬಾಗಿಲೆಳೆದು ಕಾಲಿಟ್ಟರು, ಒಂದು ಮಹಡಿ ಕೆಳಗೆ ನಿಂತಿದ್ದ ಲಿಫ್ಟಿನ ತಲೆಯ ಮೇಲೆ ಬಿದ್ದರು. ಜೀವಕ್ಕೆ ಏನೂ ಆಗಲಿಲ್ಲ, ಕಾಲು ಮುರಿಯಿತು. ಈಗ ಕೋಲು ಹಿಡಿದು ಕೆಲಸಕ್ಕೆ ಬರುತ್ತಾರೆ. ವಿಚಾರಣೆಯಾಗಿ ನಮ್ಮ ಮೇಸ್ತ್ರಿಯ ಲೈಸೆನ್ಸ್ ತಡೆಹಿಡಿದಿದ್ದಾರೆ, ಅವರು ಮನೆಯಲ್ಲಿದ್ದಾರೆ. ನನ್ನ ಮೇಲೆ ಏನೂ ಬರಲಿಲ್ಲ. ದೇವರ ಕೃಪೆ.

ಪುಸ್ತಕ ಏಪ್ರಿಲ್‌ಗೆ ಬೇಕು.

ತಮ್ಮ

*

ಫೆಬ್ರವರಿ 3

ಪ್ರೀತಿಯ ತಮ್ಮನಿಗೆ,

ತಿದ್ದಿದ ಪುಟಗಳು ಇದರ ಜೊತೆಗಿವೆ. ತಪ್ಪು ಇನ್ನೂರ ಹನ್ನೊಂದು. ಅದರಲ್ಲಿ ಉಪದೇಶಕರದು ನಾಲ್ಕು, ಉಳಿದದ್ದು ನಿನ್ನದು.

ಮೇಸ್ತ್ರಿಯ ಸುದ್ದಿ ಓದಿ ನಂಬಲಾಗಲಿಲ್ಲ. ಅಪ್ಪನನ್ನು ನೋಡಲು ಬಂದವರು ಹೋಗುವಾಗ ನಮ್ಮ ಬಾಗಿಲ ಚಿಲಕವನ್ನು ಹೊರಗಿನಿಂದ ಎರಡು ಸಲ ಎಳೆದು ನೋಡಿ ಹೋಗುತ್ತಿದ್ದ ಮನುಷ್ಯ. ಅಪ್ಪ ಹಾಸಿಗೆ ಹಿಡಿದಾಗ ಸಭೆಯಿಂದ ರೊಟ್ಟಿಯ ತಟ್ಟೆ ಹಿಡಿದು ಮನೆಗೆ ಬರುತ್ತಿದ್ದವರೂ ಅವರೇ. ಇಂಥವರೂ ಒಂದು ಬಾಗಿಲು ಬಿಟ್ಟರೆಂದರೆ ವಯಸ್ಸಾಯಿತು ಅಂತಲೇ ಅಂದುಕೊಳ್ಳಬೇಕು.

ಈಗ ಪುಸ್ತಕದ ವಿಷಯ. ನಮ್ಮಲ್ಲಿ ಓದಿ ಹೇಳುವ ಹೆಂಗಸೊಬ್ಬರಿದ್ದಾರೆ, ಪ್ರೆಸ್ಸಿನಲ್ಲಿ ಎಲ್ಲರೂ ರೇಡಿಯೊ ಅನ್ನುತ್ತಾರೆ. ಅವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಕರಡನ್ನು ಕಣ್ಣಿನಲ್ಲಿ ಹಿಂಬಾಲಿಸುತ್ತೇನೆ. ಯಾಕೆ ಹೀಗೆ ಅಂದರೆ, ತಪ್ಪು ಅಕ್ಷರ ಕಣ್ಣಿಗೆ ಚುಚ್ಚುತ್ತದೆ, ಬಿಟ್ಟುಹೋದ ಸಾಲು ಚುಚ್ಚುವುದಿಲ್ಲ. ಹಿಂದಿನದೂ ಮುಂದಿನದೂ ಒಂದಕ್ಕೊಂದು ಕೂಡಿಕೊಂಡು ಏನೂ ಆಗಿಲ್ಲವೆಂಬಂತೆ ನಡೆದುಬಿಡುತ್ತವೆ. ನಿನ್ನ ಪುಸ್ತಕಕ್ಕೆ ಮೂಲಪ್ರತಿಯೆಂದರೆ ನೀನು ಟೈಪ್ ಮಾಡಿದ್ದೇ, ಆದ್ದರಿಂದ ರೇಡಿಯೊ ಏನನ್ನೂ ಹಿಡಿಯಲಾರರು. ಆದರೂ ಇಪ್ಪತ್ತಮೂರನೇ ಪುಟದಲ್ಲಿ ನಾನು ನಿಂತೆ.

ಯೇಸುವನ್ನು ನೋಡಲು ಮರ ಹತ್ತಿದ ಆ ಕುಳ್ಳ ಸುಂಕದವನ ಕಥೆ. ಯೇಸು ಮರದ ಕೆಳಗೆ ನಿಂತು ಕರೆದದ್ದು ಇದೆ, ಅವನು ಇಳಿದದ್ದು ಇದೆ, ಮನೆಯಲ್ಲಿ ಊಟ ಇದೆ, ಈ ಮನೆಗೆ ರಕ್ಷಣೆ ಬಂತು ಅನ್ನುವುದೂ ಇದೆ. ನಡುವೆ ಅವನು ಎದ್ದು ನಿಂತು, ಯಾರಿಗೆ ಮೋಸ ಮಾಡಿದ್ದೇನೋ ಅವರಿಗೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದದ್ದು ಇಲ್ಲ. ಸಂಡೇ ಸ್ಕೂಲಿನಲ್ಲಿ ಆ ಮಾತು ಹೇಳುವ ಪಾತ್ರ ನಿನ್ನದೇ ಆಗಿತ್ತು, ಸ್ಟೂಲಿನ ಮೇಲಿಂದ ಬಿದ್ದು ಹೇಳಿದ್ದೆ. ಅಂಚಿನಲ್ಲಿ ಪ್ರಶ್ನೆ ಹಾಕಿದ್ದೇನೆ: 'ಒಂದು ಸಾಲು ಬಿಟ್ಟುಹೋಗಿದೆಯೇ?' ನೋಡಿ ತಿಳಿಸು.

ಇಡೀ ಪುಸ್ತಕದಲ್ಲಿ ಇದು ಸುಳ್ಳು ಅಂತ ಬೆರಳಿಡುವ ವಾಕ್ಯ ಒಂದೂ ಇಲ್ಲ. ಮಾತು ಹಿತವಾಗಿದೆ, ಕೆಲವು ಕಡೆ ನನ್ನ ಕಣ್ಣೂ ಒದ್ದೆಯಾಯಿತು. ಅದಕ್ಕೇ ಸ್ವಲ್ಪ ಹೆದರಿಕೆ.

ಅಕ್ಕ

*

ಫೆಬ್ರವರಿ 8

ಅಕ್ಕ,

ಇನ್ನೂರ ಹತ್ತು ತಿದ್ದುಪಡಿ ಒಪ್ಪಿದ್ದೇನೆ. ಇಪ್ಪತ್ತಮೂರನೇ ಪುಟ ಇದ್ದ ಹಾಗೇ ಇರಲಿ. ಅಲ್ಲಿ ಏನೂ ಬಿಟ್ಟುಹೋಗಿಲ್ಲ. ಅಚ್ಚಿಗೆ ಕೊಡು.

ಇಲ್ಲಿ ಕೆಲಸ ಜಾಸ್ತಿ.

ತಮ್ಮ

*

ಫೆಬ್ರವರಿ 16

ತಮ್ಮನಿಗೆ,

ಏನೂ ಬಿಟ್ಟುಹೋಗಿಲ್ಲ ಅಂದರೆ ಬೇಕೆಂದೇ ಬಿಟ್ಟಿದ್ದಾರೆ ಅಂತ ಅರ್ಥ. ನನಗೆ ಅಷ್ಟು ತಿಳಿಯುತ್ತದೆ. ನಿನ್ನ ಮೇಲೆ ಸಿಟ್ಟಿಲ್ಲ, ಆದರೆ ಈ ಪುಸ್ತಕದ ಮೇಲೆ ನನ್ನ ಸಹಿ ಬೀಳುವುದಿಲ್ಲ. ಬೇರೆಯವರು ಬೇಕಾದರೆ ಪಾಸು ಮಾಡಲಿ.

ಜೇನಿನ ಪುಸ್ತಕಕ್ಕೆ ಹೀಗೆ ಮಾಡಲಿಲ್ಲವಲ್ಲ ಅನ್ನಬೇಡ. ಜೇನುನೊಣಕ್ಕೆ ನಾನು ಪ್ರಾಣ ಒಪ್ಪಿಸಿಲ್ಲ. ಕ್ಷಮೆ ಪುಕ್ಕಟೆ ಅನ್ನುವುದನ್ನು ನಿಮ್ಮ ಉಪದೇಶಕರಿಗಿಂತ ಮೊದಲು ಅಪ್ಪ ನಮಗೆ ಹೇಳಿಕೊಟ್ಟಿದ್ದರು. ಆದರೆ ಆ ಸುಂಕದವನು ಮರದಿಂದ ಇಳಿದದ್ದು ಊಟಕ್ಕೆ ಮಾತ್ರವಲ್ಲ. ಊರಿನಲ್ಲಿ ಅವನಿಂದ ಹಾಳಾದವರು ಇದ್ದರಲ್ಲ, ಅವರ ಮನೆಗಳಿಗೆ ಯಾರು ಹೋಗಬೇಕು? ನನಗೆ ದೇವರು ಕ್ಷಮಿಸಿದ್ದಾನೆ, ನಿನ್ನ ಪಾಡು ನೀನು ನೋಡಿಕೋ ಅಂತ ಅವರಿಗೆ ಹೇಳಿ ಕಳಿಸುವುದೇ? ದೇವರ ಕ್ಷಮೆಯನ್ನು ತೋರಿಸಿ ನೆರೆಯವನಿಂದ ತಪ್ಪಿಸಿಕೊಳ್ಳಲು ಹೇಳಿಕೊಡುವವರು ಎಷ್ಟೇ ಮೆತ್ತಗೆ ಮಾತಾಡಿದರೂ ನನಗೆ ಬೇಡ. ಮೆತ್ತಗಿರುವುದಕ್ಕೇ ಜನ ಮೋಸಹೋಗುತ್ತಾರೆ. ಮೇಜು ಗುದ್ದುವವನಾಗಿದ್ದರೆ ನೀನೇ ಎದ್ದು ಬರುತ್ತಿದ್ದೆ.

ನಿನಗೆ ಹೇಳದೆ ಒಂದು ಕೆಲಸ ಮಾಡಬಾರದು ಅಂತ ಹೇಳಿಯೇ ಮಾಡುತ್ತಿದ್ದೇನೆ. ಪುಸ್ತಕದ ಹಿಂದೆ ಕೂಟದ ವಿಳಾಸವಿದೆ. ಉಪದೇಶಕರಿಗೇ ನೇರವಾಗಿ ಬರೆದಿದ್ದೇನೆ, ಆ ಸಾಲು ಯಾಕೆ ತೆಗೆದಿರಿ ಅಂತ. ಅವರ ಕೈಬರಹದ ಟಿಪ್ಪಣಿ ಇದ್ದರೆ ಕಳಿಸಿ ಅಂತಲೂ ಕೇಳಿದ್ದೇನೆ.

ಪಾಸ್ಟರ್ ಕಾಗದ ಬಂದಿತ್ತು. ಮೇಸ್ತ್ರಿ ಸಭೆಯಲ್ಲಿ ರೊಟ್ಟಿಯ ತಟ್ಟೆ ಹಿಡಿಯುವುದನ್ನು ಬಿಟ್ಟುಬಿಟ್ಟರಂತೆ. "ಸಾಲಿನಲ್ಲಿ ಯಾರಿಗೆ ಕೊಟ್ಟೆ, ಯಾರನ್ನ ಬಿಟ್ಟೆ ಅಂತ ಮರೆತುಹೋದ್ರೆ?" ಅಂದರಂತೆ. ಆ ಬಾಗಿಲನ್ನೇ ಮರೆತೆನೆಂದರೆ ತಲೆ ಕೆಟ್ಟಿದೆ, ನೆನಪು ನಿಲ್ಲುತ್ತಿಲ್ಲ ಅಂತ ಅವರೇ ನಿರ್ಧಾರ ಮಾಡಿಕೊಂಡಿದ್ದಾರೆ. ಒಲೆ ಆರಿಸಿದೆನೋ ಇಲ್ಲವೋ ಅಂತ ಮತ್ತೆ ಮತ್ತೆ ಅಡುಗೆಮನೆಗೆ ಹೋಗುತ್ತಾರೆ, ಹೊರಗೆ ಹೊರಟರೆ ಮನೆ ವಿಳಾಸದ ಚೀಟಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ಮೊಮ್ಮಗಳನ್ನು ಎತ್ತಿಕೊಳ್ಳಲು ಕೂಡ ಹೆದರುತ್ತಾರೆ ಅಂತ ಅವರ ಹೆಂಡತಿ ಅತ್ತರಂತೆ. ಮಾರ್ಚ್ ಇಪ್ಪತ್ತೆಂಟಕ್ಕೆ ಕೊನೆಯ ವಿಚಾರಣೆ, ಅವತ್ತು ಲೈಸೆನ್ಸ್ ಪೂರ್ತಿ ರದ್ದಾಗುತ್ತದೆ ಅನ್ನುತ್ತಾರೆ. ನೀನು ಒಮ್ಮೆ ಹೋಗಿ ನೋಡಿಕೊಂಡು ಬಾ. ಇಪ್ಪತ್ತು ವರ್ಷ ಜೊತೆಗೆ ದುಡಿದವನು. ನಿನ್ನನ್ನು ಕಂಡರೆ ಅವರಿಗೆ ಸ್ವಲ್ಪ ಧೈರ್ಯ ಬರಬಹುದು.

ಅಕ್ಕ

*

ಮಾರ್ಚ್ 11

ತಮ್ಮ,

ಮೂರು ವಾರ ಆಯಿತು, ನಿನ್ನಿಂದ ಒಂದು ಸಾಲಿಲ್ಲ. ನನ್ನ ಮೇಲೆ ಮುನಿಸಿಕೊಂಡಿದ್ದೀ ಅಂತ ಸುಮ್ಮನಿದ್ದೆ.

ಇವತ್ತು ಉಪದೇಶಕರ ಉತ್ತರ ಬಂತು. ತುಂಬಾ ಮರ್ಯಾದೆಯ ಕಾಗದ, ಅಕ್ಷರ ಮುತ್ತಿನ ಹಾಗಿದೆ. ಜೊತೆಗೆ ಟಿಪ್ಪಣಿಯ ಪುಸ್ತಕವನ್ನೇ ಕಳಿಸಿದ್ದಾರೆ. ರೇಡಿಯೊ ಅದನ್ನು ಓದಿದರು, ನಾನು ನಿನ್ನ ಇಪ್ಪತ್ತಮೂರನೇ ಪುಟ ಹಿಡಿದುಕೊಂಡೆ. ಸುಂಕದವನು ಎದ್ದು ನಿಂತು ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಅವರ ಟಿಪ್ಪಣಿಯಲ್ಲಿ ಇದೆ. ಅದರ ಕೆಳಗೆ ಹೀಗಿದೆ: 'ಇದು ಅವನ ಹೊಸ ಉತ್ಸಾಹದ ಮಾತು. ಯೇಸು ಕೇಳಿರಲಿಲ್ಲ. ನಾವು ಇದಕ್ಕೆ ಕಟ್ಟುಬಿದ್ದವರಲ್ಲ.'

ನಾನು ಅಂದುಕೊಂಡಿದ್ದು ಸರಿಯಾಗಿಯೇ ಇತ್ತು, ಅವರ ಬೋಧನೆ ಅದೇ. ಆದರೆ ಅವರು ಸಾಲನ್ನು ಮುಚ್ಚಿಟ್ಟಿಲ್ಲ. ಹೇಳಿ, ಅದನ್ನು ತಳ್ಳಿಹಾಕಿದ್ದಾರೆ. 'ನಿಮ್ಮ ತಮ್ಮನವರು ಇಷ್ಟನ್ನು ಯಾಕೆ ಬಿಟ್ಟರೋ ನನಗೆ ತಿಳಿಯದು' ಅಂತ ಬರೆದಿದ್ದಾರೆ.

ನನಗೂ ತಿಳಿಯದು. ಯಾಕೆ ಬಿಟ್ಟೆ?

ಅಕ್ಕ

*

ಮಾರ್ಚ್ 15

ಅಕ್ಕ,

ಬರೆಯುತ್ತೇನೆ. ಇದನ್ನು ರೇಡಿಯೊ ಕೈಗೆ ಕೊಡಬೇಡ.

ಆ ಆಫೀಸು ಕಟ್ಟಡದಲ್ಲಿ ಮೇಲಿನ ಮೂರು ಮಹಡಿ ಯಾವಾಗಲೂ ಮೇಸ್ತ್ರಿಯದು, ಕೆಳಗಿನ ಮೂರು ನನ್ನದು. ಪ್ರತಿ ಮಹಡಿಯಲ್ಲೂ ಲಿಫ್ಟ್ ಇಲ್ಲದಾಗ ಬಾಗಿಲನ್ನು ಕೈಯಲ್ಲಿ ಎಳೆದು ನೋಡಬೇಕು, ತೆರೆಯದಿದ್ದರೆ ಕಾರ್ಡಿನಲ್ಲಿ ಗುರುತು ಹಾಕಬೇಕು. ಇಪ್ಪತ್ತು ವರ್ಷ ಹಾಗೇ ಮಾಡಿದೆವು. ಜೂನ್ ತಪಾಸಣೆಯ ದಿನ ಅವರಿಗೆ ಮಂಡಿ ನೋವಿತ್ತು. "ನೀನು ಮೇಲಕ್ಕೆ ಹೋಗಪ್ಪ, ಕೆಳಗಿಂದು ನಾನು ನೋಡ್ತೀನಿ" ಅಂದರು. ನಾನು ನಾಲ್ಕನೆಯದು ನೋಡಿದೆ. ಐದನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದರು, ಕಾಲಿಡಬೇಡಿ ಅಂತ ಒಬ್ಬಳು ಕೈ ಮಾಡಿದಳು. ಸರಿ ಅಂತ ಮೆಟ್ಟಿಲ ಮೇಲೇ ಕೂತು ಐದಕ್ಕೂ ಆರಕ್ಕೂ ಗುರುತು ಹಾಕಿ ಇಳಿದು ಬಂದೆ. ಇಬ್ಬರೂ ಕೆಳಗೆ ಸಹಿ ಹಾಕಿದೆವು. ನಾಲ್ಕನೇ ದಿನ ಆ ಟೈಪಿಸ್ಟ್ ಬಿದ್ದರು.

ವಿಚಾರಣೆಗೆ ಬಂದ ಅಧಿಕಾರಿ ಮೇಲಿನ ಮಹಡಿ ನೋಡಿದ್ದು ಯಾರು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, "ಮೇಲಿಂದು ಯಾವಾಗ್ಲೂ ನಾನೇ ಸಾರ್. ಐದನೆಯದು ಬಿಟ್ಟಿದ್ದೀನಿ ಅನ್ಸುತ್ತೆ" ಅಂದರು. ಅಧಿಕಾರಿ ನನ್ನ ಕಡೆ ತಿರುಗಿ, "ಹೌದೇನ್ರೀ?" ಅಂದರು. "ಯಾವಾಗ್ಲೂ ಅವರೇ ನೋಡೋದು ಸಾರ್" ಅಂದೆ. ಅಕ್ಕ, ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. 'ಆ ದಿನ ಮಾತ್ರ ನಾನು' ಅನ್ನುವುದನ್ನು ಬಿಟ್ಟುಬಿಟ್ಟೆ.

ಹೊರಗೆ ಬಂದಮೇಲೆ ಹೇಳೋಣ ಅಂತಿದ್ದೆ. ಸಂಜೆ ಬಸ್ ಸ್ಟಾಪಿನಲ್ಲಿ ಅವರೇ ಕೇಳಿದರು. "ನಂಗೆ ಮಂಡಿ ನೋವು ಬಂದಿದ್ದು ಆ ವಾರಾನೋ, ಮುಂದಿನ ವಾರಾನೋ?" ನನಗೆ ನೆನಪಿಲ್ಲ ಅಂದೆ. ಅದು ಸುಳ್ಳು. ಅದನ್ನು ಅವರ ಮುಖ ನೋಡಿಯೇ ಹೇಳಿದೆ.

ಮುಂದಿನ ಭಾನುವಾರ ಅವರು ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದರು. ನಾನು ಕೆಮ್ಮು ಬಂದವನ ಹಾಗೆ ಎದ್ದು ಹೊರಗೆ ಹೋದೆ. ಮತ್ತೆ ಆ ಸಭೆಗೆ ಹೋಗಲಿಲ್ಲ. ನೀನು ಕುರ್ಚಿ, ಗಿಟಾರ್ ಅಂತ ಬರೆದಾಗ ಒಳಗೊಳಗೇ ಹಾಯಾಗಿತ್ತು. ಅಕ್ಕ ಹಾಗೇ ಅಂದುಕೊಂಡಿರಲಿ ಅನ್ನಿಸಿತು.

ಸೋಫಾ ಅಂಗಡಿಯ ಮೇಲೆ ಮೊದಲ ಸಲ ಆ ಮಾತು ಕೇಳಿದಾಗ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಹೇಳಬೇಕಾಗಿಲ್ಲ, ಹೇಳುವುದೇ ಅಪನಂಬಿಕೆ. ನನಗೆ ಬೇಕಾದ್ದು ಅದೇ ಆಗಿತ್ತು. ಅವರು ನನಗೆ ಮೋಸ ಮಾಡಲಿಲ್ಲ, ನಾನು ಅಂಥ ಅಂಗಡಿ ಹುಡುಕಿಕೊಂಡು ಹೋದೆ. ಸುಂಕದವನ ಪ್ರಸಂಗ ಕೇಳುವಾಗಲೂ ಹಿತವಾಗಿಯೇ ಇತ್ತು. ಅದನ್ನು ಟೈಪ್ ಮಾಡಲು ಕೂತಾಗ ಬೆರಳು ನಿಂತಿತು. 'ನಾವು ಇದಕ್ಕೆ ಕಟ್ಟುಬಿದ್ದವರಲ್ಲ' ಅನ್ನುವುದನ್ನು ಮೂರು ಸಲ ಹೊಡೆದು ಮೂರು ಸಲವೂ ಅಳಿಸಿದೆ. ಅವರು ಹೇಳಿದ್ದನ್ನು ಕೇಳಬಲ್ಲೆ, ನನ್ನ ಕೈಯಾರೆ ಬರೆಯಲಾರೆ ಅನ್ನಿಸಿತು. ಆ ಸಾಲನ್ನು ಬಿಡಬೇಕಾದರೆ ಅದರ ಹಿಂದಿನದನ್ನೂ ಬಿಡಬೇಕು. ಎರಡನ್ನೂ ಬಿಟ್ಟೆ. ಯಾರ ಕಣ್ಣಿಗೂ ಬೀಳದು ಅಂದುಕೊಂಡಿದ್ದೆ.

ನೀನು ಮೇಸ್ತ್ರಿಯ ಜೇಬಿನ ಚೀಟಿಯ ವಿಷಯ ಬರೆದಮೇಲೆ ಎರಡು ಸಲ ಅವರ ಬೀದಿಯ ತನಕ ಹೋಗಿ ಬಂದಿದ್ದೇನೆ. ಅವರ ತಲೆಗೆ ಏನೂ ಆಗಿಲ್ಲ. ಅದು ಗೊತ್ತಿರುವವನು ನಾನೊಬ್ಬನೇ. ಹೇಳಿದರೆ ನನ್ನ ಲೈಸೆನ್ಸ್ ಹೋಗುತ್ತದೆ, ಮಕ್ಕಳ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಇಪ್ಪತ್ತೆಂಟಕ್ಕೆ ಎಲ್ಲ ಮುಗಿಯುತ್ತದೆ, ಯಾರೂ ಮತ್ತೆ ಕೇಳುವುದಿಲ್ಲ.

ನೀನು ಏನನ್ನುತ್ತೀಯೋ ಅನ್ನು.

ತಮ್ಮ

*

ಮಾರ್ಚ್ 18

ನನ್ನ ತಮ್ಮನಿಗೆ,

ನಿನ್ನ ಕಾಗದವನ್ನು ಒಬ್ಬಳೇ ಓದಿದೆ. ಪ್ರೆಸ್ಸಿಗೆ ಇವತ್ತು ರಜೆ ಹಾಕಿದ್ದೇನೆ.

ಮೊದಲು ನನ್ನ ತಪ್ಪು. ಸುಳ್ಳು ಬೋಧನೆ ಬಂದು ನನ್ನ ತಮ್ಮನನ್ನು ಎಳೆದುಕೊಂಡು ಹೋಯಿತು ಅಂತ ಎರಡು ತಿಂಗಳು ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತಿದ್ದೆ. ನೀನು ಯಾಕೆ ಓಡಿದೆ ಅಂತ ಒಂದು ಸಲವೂ ಸರಿಯಾಗಿ ಕೇಳಲಿಲ್ಲ. ಜೂನ್‌ನಲ್ಲಿ ಅಪಘಾತ, ಏಳು ತಿಂಗಳಿಂದ ಸಭೆಯಿಲ್ಲ. ಎರಡೂ ನನ್ನ ಮೇಜಿನ ಮೇಲೇ ಇದ್ದವು. ಕೂಡಿಸಿ ನೋಡಲಿಲ್ಲ. ಮೇಸ್ತ್ರಿಗೆ ವಯಸ್ಸಾಯಿತು ಅಂತ ನಾನೂ ಬರೆದುಬಿಟ್ಟೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಬೋಧನೆ ತಪ್ಪು ಅಂದದ್ದನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ. ಅದು ತಪ್ಪು ಅಂತ ನಿನ್ನ ಬೆರಳಿಗೆ ನನಗಿಂತ ಮೊದಲೇ ತಿಳಿದಿತ್ತು.

ನೀನು ಹೋಗಬೇಕು. ಇಪ್ಪತ್ತೆಂಟಕ್ಕಿಂತ ಮೊದಲು, ಆಫೀಸಿಗೂ ಮೊದಲು ಮೇಸ್ತ್ರಿಯ ಮನೆಗೆ. ಕ್ಷಮೆ ಗಳಿಸಿಕೊಂಡು ಬಾ ಅನ್ನುತ್ತಿಲ್ಲ. ದೇವರ ಕ್ಷಮೆ ನಿನಗಿದೆ, ಅದನ್ನು ನಿನ್ನ ಉಪದೇಶಕರು ಸರಿಯಾಗಿಯೇ ಹೇಳಿದರು. ಅದು ಇದೆ ಅಂತ ನಿಜವಾಗಿ ನಂಬಿದ್ದರೆ ಆ ಬೀದಿಯ ತನಕ ಹೋದ ಕಾಲು ಇನ್ನು ನಾಲ್ಕು ಹೆಜ್ಜೆ ಹಾಕಬಲ್ಲದು. ಮೇಸ್ತ್ರಿ ಕ್ಷಮಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಕ್ಷಮಿಸದೆಯೂ ಇರಬಹುದು, ಅದು ಅವರಿಗೆ ಬಿಟ್ಟದ್ದು. ಅವರ ತಲೆ ಸರಿಯಾಗಿದೆ ಅಂತ ಅವರಿಗೆ ಹೇಳುವುದು ಮಾತ್ರ ನಿನಗೆ ಬಿಟ್ಟದ್ದು.

ಪಾಸ್ಟರ್‌ಗೆ ಒಂದು ಫೋನ್ ಮಾಡಿದರೆ ಐದು ನಿಮಿಷದ ಕೆಲಸ. ಮೂರು ಸಲ ಎತ್ತಿ ಇಟ್ಟೆ. ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ನೀನೇ ಹೇಳಬೇಕು. ಮೊದಲು ಹೆಂಡತಿಗೆ ಹೇಳು, ಅವಳು ನೀನು ಅಂದುಕೊಂಡದ್ದಕ್ಕಿಂತ ಗಟ್ಟಿ. ಲೈಸೆನ್ಸ್ ಹೋದರೆ ಮುಂದೇನು ಅನ್ನುವುದನ್ನು ಆಮೇಲೆ ಕೂತು ಯೋಚಿಸೋಣ, ನಾನಿದ್ದೇನೆ.

ಭಯವಾಗುತ್ತಿದೆ ಅಂತ ಗೊತ್ತು. ನನಗೂ ಆಗುತ್ತಿದೆ.

ಅಕ್ಕ

*

ಮಾರ್ಚ್ 29

ಅಕ್ಕನಿಗೆ,

ಬರೆಯಲು ಕಷ್ಟವಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಸುಲಭವಾದದ್ದು.

ನಿನ್ನೆಯ ವಿಚಾರಣೆಯಲ್ಲಿ ಹೇಳಿಕೆ ಬರೆದುಕೊಟ್ಟೆ. ಅಧಿಕಾರಿ ಅದನ್ನು ಎರಡು ಸಲ ಓದಿ, "ಇಷ್ಟು ದಿನ ಏನ್ರೀ ಮಾಡ್ತಿದ್ರಿ?" ಅಂದರು. ನಿದ್ದೆ ಮಾಡ್ತಿದ್ದೆ ಅನ್ನಬೇಕೆನಿಸಿತು. ಮೇಸ್ತ್ರಿಯ ಲೈಸೆನ್ಸ್ ವಾಪಸ್ ಬರುತ್ತದೆ. ನನ್ನದನ್ನು ತೆಗೆದುಕೊಂಡಿದ್ದಾರೆ, ಎಷ್ಟು ಕಾಲಕ್ಕೆ ಅಂತ ತೀರ್ಮಾನ ಬರಬೇಕು. ಟೈಪಿಸ್ಟ್ ಕೂಡ ಬಂದಿದ್ದರು. ಅವರ ಮುಂದೆ ಹೋಗಿ ನಿಂತೆ. ಅವರು ನನ್ನನ್ನೂ ನೋಡಿದರು, ತಮ್ಮ ಕಾಲನ್ನೂ ನೋಡಿಕೊಂಡರು, ಕೋಲು ಊರಿಕೊಂಡು ಹೋದರು. ಅವರ ಹತ್ತಿರ ಮತ್ತೊಮ್ಮೆ ಹೋಗಬೇಕು.

ಉಪದೇಶಕರು ಮನೆಗೆ ಬಂದಿದ್ದರು. ನನ್ನ ಬಗ್ಗೆ ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. "ನೀವು ಮತ್ತೆ ಹಳೇ ನೊಗಕ್ಕೆ ಕತ್ತು ಕೊಟ್ರಲ್ಲಪ್ಪ" ಅಂದರು. ಅವರ ಜೊತೆ ವಾದ ಮಾಡುವಷ್ಟು ಬೈಬಲ್ ವಾಕ್ಯ ನನಗೆ ಬಾಯಿಗೆ ಬರುವುದಿಲ್ಲ. ಒಮ್ಮೆ ಮೇಸ್ತ್ರಿ ಮನೆಗೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ ಅಂದೆ. ಅವರಿಗೆ ಟೀ ಕೊಟ್ಟು ಕಳಿಸಿದೆವು. ಪುಸ್ತಕ ಬೇರೆ ಪ್ರೆಸ್ಸಿಗೆ ಹೋಗುತ್ತದೆಯಂತೆ, ನಾನು ಬಿಟ್ಟದ್ದನ್ನೂ ಸೇರಿಸಿ ಪೂರ್ತಿಯಾಗಿ.

ಇನ್ನು ಮೇಸ್ತ್ರಿಯ ವಿಷಯ. ಇಪ್ಪತ್ತೈದನೇ ತಾರೀಕು ಸಂಜೆ ಹೋದೆ. ಬಾಗಿಲು ತೆರೆದವರು ಅವರೇ. ಸಣ್ಣಗಾಗಿದ್ದಾರೆ. "ಬಾರಪ್ಪ, ನೀನಾದ್ರೂ ಬಂದೆಯಲ್ಲ" ಅಂದರು. ಅವರ ಹೆಂಡತಿ ಒಳಗೆ ಬಟ್ಟೆ ಮಡಿಸುತ್ತಿದ್ದರು. ಕೂತು ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ. ನೀರು ಕುಡಿದಿದ್ದರೆ ಹೇಳುತ್ತಿರಲಿಲ್ಲ. ಮಂಡಿ ನೋವು, ಒದ್ದೆ ನೆಲ, ಮೆಟ್ಟಿಲು, ಕಾರ್ಡು, ಬಸ್ ಸ್ಟಾಪು, ಎಲ್ಲ.

ಬಯ್ಯುತ್ತಾರೆ ಅಂತ ಕಾಯುತ್ತಿದ್ದೆ. "ಮಂಡಿ ನೋವು ಅದೇ ವಾರಾನಾ?" ಅಂದರು. ಹೌದು ಅಂದೆ. "ನೀನು ಮೇಲಕ್ಕೆ ಹೋಗು ಅಂತ ನಾನೇ ಹೇಳಿದ್ನಾ?" ಹೌದು, ನೀವೇ ಹೇಳಿದಿರಿ ಅಂದೆ. "ಸರಿಯಾಗಿ ನೆನಪು ಮಾಡ್ಕೊಂಡು ಹೇಳು." ಸರಿಯಾಗಿ ನೆನಪಿದೆ ಅಂದೆ. ಆಗ ಹೆಂಡತಿಯನ್ನು ಕರೆದರು. "ಇವಳ ಮುಂದೆ ಇನ್ನೊಂದು ಸಲ ಹೇಳು" ಅಂದರು. ಮೊದಲಿನಿಂದ ಮತ್ತೆ ಹೇಳಿದೆ. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು, ಯಾಕೆಂದರೆ ಆಕೆ ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಅವರಿಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಲ್ಲಿ ಅಷ್ಟು ಸಿಟ್ಟು ನಾನು ನೋಡಿರಲಿಲ್ಲ. "ಎದ್ದು ಹೋಗು" ಅಂದರು. "ಆಫೀಸಲ್ಲಿ ಹೇಳ್ತೀಯೋ ಬಿಡ್ತೀಯೋ ನೋಡ್ತೀನಿ. ಈಗ ನನ್ನ ಕಣ್ಣೆದುರು ಇರಬೇಡ." ಕ್ಷಮಿಸಿ ಅನ್ನುವ ಮಾತು ಆಗ ಬಾಯಿಗೆ ಬಂತು, ಅವರು ಕೈ ಅಡ್ಡ ಹಿಡಿದರು.

ಹೊರಗೆ ಬಂದು ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ. ಕಿಟಕಿ ತೆರೆದಿತ್ತು. ಒಳಗೆ ಮೇಸ್ತ್ರಿ ಹೆಂಡತಿಗೆ ಹೇಳುತ್ತಿದ್ದದ್ದು ಕೇಳಿಸಿತು. "ನಾನು ಮರೆತಿರ್ಲಿಲ್ಲ ಕಣೇ." ಮತ್ತೆ ಅದನ್ನೇ ಹೇಳಿದರು. ಆಮೇಲೆ ಅವರು ಅಳುವುದು ಕೇಳಿಸಿತು, ಮಕ್ಕಳು ಅಳುವ ಹಾಗೆ, ಜೋರಾಗಿ.

ನನ್ನ ನಿದ್ದೆಗೋಸ್ಕರ ಒಂಬತ್ತು ತಿಂಗಳು ಅವರಿಂದ ಕಿತ್ತಿಟ್ಟುಕೊಂಡಿದ್ದು ಈ ಒಂದು ಮಾತನ್ನು, ಅಕ್ಕ.

ತಮ್ಮ